ರೋಗ ಸುಲಭವಾಗಿರಲಿ, ಹೊಂದಾಣಿಕೆ ಕಷ್ಟವಾಗಿರಲಿ: ಬೊಂಬೆಯ ಮುಂದೆ ರೋಗಿ ಸುರಕ್ಷತೆ ಕಲಿಸುವ ಬಗೆ

ಮೈಸೂರಿನಲ್ಲಿ ಎಂಬಿಬಿಎಸ್, ಬಿಎಸ್‌ಸಿ ನರ್ಸಿಂಗ್ ಮತ್ತು ಫಾರ್ಮ್-ಡಿ (ಫಾರ್ಮಸಿ ಪದವಿ) ವಿದ್ಯಾರ್ಥಿಗಳನ್ನು ಒಂದೇ ಕೋಣೆಗೆ ಕರೆತಂದು ಸಿಮ್ಯುಲೇಷನ್, ಅಂದರೆ ರೋಗಿಯ ಜಾಗದಲ್ಲಿ ಬೊಂಬೆಯಿಟ್ಟು ಮಾಡುವ ಅಭಿನಯದ ಮೂಲಕ ರೋಗಿ ಸುರಕ್ಷತೆ ಕಲಿಸುವ ಕೆಲಸ ನಮ್ಮದು. ಈ ಕೆಲಸಕ್ಕೆ ಕೈಹಾಕುವವರು ಮೊದಲು ಕೇಳುವುದು ಬೊಂಬೆಯ ಬೆಲೆ. ಬೊಂಬೆಗಿಂತ ಮುಖ್ಯವಾದದ್ದು ಕೇಸ್ ಬರೆಯುವ ರೀತಿ. ಕೇಸ್ ಬರೆಯುವವರು ಬಹುಮಟ್ಟಿಗೆ ವೈದ್ಯರು. ಅವರು ಅಭ್ಯಾಸಬಲದಿಂದ ರೋಗ ಪತ್ತೆಹಚ್ಚುವುದನ್ನೇ ಕಷ್ಟ ಮಾಡಿಡುತ್ತಾರೆ. ಆಗ ಎಂಬಿಬಿಎಸ್ ಹುಡುಗರು ಡಯಾಗ್ನೋಸಿಸ್ ಹುಡುಕುತ್ತಾರೆ, ನರ್ಸಿಂಗ್‌ನವರು ಬಿಪಿ ನೋಡಿ ಬರೆದು ಸುಮ್ಮನಾಗುತ್ತಾರೆ, ಫಾರ್ಮಸಿಯವರು ಗೋಡೆಗೆ ಒರಗಿ ನಿಲ್ಲುತ್ತಾರೆ. ಅದು ಮೆಡಿಸಿನ್ ಕ್ಲಾಸು, ತಂಡದ ಪಾಠವಲ್ಲ. ನಾವು ಮಾಡುವುದು ಉಲ್ಟಾ. ರೋಗ ಯಾವುದೆಂದು ಮೊದಲೇ ಹೇಳಿಬಿಡುತ್ತೇವೆ, ಡೋಸ್ ಬರೆದ ಕಾರ್ಡನ್ನೂ ಕೈಗೆ ಕೊಡುತ್ತೇವೆ. ಕಷ್ಟವನ್ನೆಲ್ಲ ಇಬ್ಬರ ನಡುವಿನ ಸಂದಿಯಲ್ಲಿ ಇಡುತ್ತೇವೆ: ಯಾರು ಹೇಳಿದರು, ಯಾರು ಕೇಳಿಸಿಕೊಂಡರು, ಎಣಿಸಿದವರು ಯಾರು, ತಪ್ಪು ಕಂಡವರು ಬಾಯಿಬಿಟ್ಟರೇ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ರೋಗಿ ಸುರಕ್ಷತೆಯ ಪಠ್ಯಕ್ರಮ ಮಾರ್ಗದರ್ಶಿಯಲ್ಲಿ 11 ವಿಷಯಗಳಿವೆ. ನಾಲ್ಕನೆಯದು ತಂಡದಲ್ಲಿ ಕೆಲಸ ಮಾಡುವುದು, ಹನ್ನೊಂದನೆಯದು ಔಷಧಿ ಸುರಕ್ಷತೆ. ಇವೆರಡನ್ನು ಒಟ್ಟಿಗೆ ಕಲಿಸಲು ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂಥ ಕೇಸ್ ಒಂದಿದೆ. ಅದು ಮಂಡ್ಯ, ಮೈಸೂರು ಕಡೆಯ ಯಾವ ಕ್ಯಾಶುವಾಲಿಟಿಗೂ ಹೊಸದಲ್ಲ: ಹೊಲಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋದವರು, ಅಂದರೆ ಆರ್ಗನೋಫಾಸ್ಫರಸ್ ವಿಷ.

ಯಾಕೆ ಇದೇ ಕೇಸ್ ಅಂದರೆ, ಇದರ ಮದ್ದು ಗೊತ್ತಿರುವುದೇ, ಆದರೆ ಒಬ್ಬರ ಕೈಯಲ್ಲಿ ಆಗದ ಕೆಲಸ. ಆ ಮದ್ದು ಅಟ್ರೋಪಿನ್, ಶುರುವಾಗುವುದು 1.8ರಿಂದ 3 ಮಿ.ಗ್ರಾಂನಿಂದ. ಐದು ನಿಮಿಷಕ್ಕೊಮ್ಮೆ ರೋಗಿಯನ್ನು ನೋಡಿ, ಗುರಿ ಮುಟ್ಟಿರದಿದ್ದರೆ ಹಿಂದಿನ ಡೋಸಿನ ದುಪ್ಪಟ್ಟು ಕೊಡಬೇಕು. ಗುರಿ ಐದು: ಎದೆಯ ಗೊರಗೊರ ಸದ್ದು ಹೋಗಿ ತಿಳಿಯಾಗಬೇಕು, ನಾಡಿ 80ರ ಮೇಲೆ, ಮೇಲಿನ ಬಿಪಿ 80ರ ಮೇಲೆ, ಕಂಕುಳು ಒಣಗಿರಬೇಕು, ಕಣ್ಣಿನ ಪಾಪೆ ಸೂಜಿಮೊನೆಯಷ್ಟೇ ಉಳಿದಿರಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲ್ (ಕತ್ತು ಮುರಿದು ತೆರೆಯುವ ಗಾಜಿನ ಪುಟ್ಟ ಶೀಶೆ) 1 ಮಿ.ಲೀ., ಅದರಲ್ಲಿ 0.6 ಮಿ.ಗ್ರಾಂ. 1.8ರಿಂದ ಹೊರಟರೆ ಮೊದಲಿಗೆ 3 ಆಂಪ್ಯೂಲ್, ಆಮೇಲೆ 6, ಆಮೇಲೆ 12. ಹತ್ತು ನಿಮಿಷದೊಳಗೆ 21 ಆಂಪ್ಯೂಲ್ ಒಡೆಯಬೇಕು. ಒಬ್ಬರೇ ಒಡೆದು, ಸಿರಿಂಜಿಗೆ ಎಳೆಯಲು ಒಂದಕ್ಕೆ 15–20 ಸೆಕೆಂಡ್ ಎಂದಿಟ್ಟುಕೊಂಡರೂ 12ಕ್ಕೆ 3–4 ನಿಮಿಷ ಹೋಯಿತು. ಹಾಗಾಗಿ ಮೂರನೇ ಡೋಸ್ ಬೇಕಾಗುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಅದನ್ನು ಎಳೆಯಲು ಶುರು ಮಾಡಬೇಕು. ಈ ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳದ ಹೊರತು ತಂಡಕ್ಕೆ ಹೊಳೆಯುವುದಿಲ್ಲ. ದೊಡ್ಡ ವಯಲ್ ಸಿಗುವ ಕಡೆಯೂ ಸಿಮ್ಯುಲೇಷನ್‌ಗೆ 1 ಮಿ.ಲೀ. ಲೆಕ್ಕವನ್ನೇ ಇಟ್ಟುಕೊಳ್ಳಿ.

ಕಥೆ ಬರೆಯುವಾಗ ಒಂದು ಎಚ್ಚರ. ಬೇಕೆಂದೇ ಕುಡಿದವರ ಕೇಸ್ ಇಡಬೇಡಿ. ನಮ್ಮ ವಿದ್ಯಾರ್ಥಿಗಳಲ್ಲಿ ಬೇಸಾಯದ ಮನೆಯಿಂದ ಬಂದವರು ಬಹಳ, ಯಾರ ಮನೆಯಲ್ಲಿ ಏನಾಗಿದೆಯೋ ನಮಗೆ ತಿಳಿಯದು. ನಾವು ಇಡುವುದು ಹೀಗೆ: ನೀರಿನ ಬಾಟಲಿಗೆ ಬಗ್ಗಿಸಿಟ್ಟಿದ್ದ ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನು ಗದ್ದೆ ಬದುವಿನಲ್ಲಿ ನೀರೆಂದು ಕುಡಿದ 45ರ ರೈತ, ಹೆಂಡತಿ ಮತ್ತು ತಮ್ಮ ಕರೆತಂದಿದ್ದಾರೆ. ಆದರೂ ಕೇಸ್ ಯಾವುದೆಂದು ಹಿಂದಿನ ದಿನವೇ ತಿಳಿಸಿ, ಬೇಡವೆನಿಸಿದವರು ಕಾರಣ ಹೇಳದೆ ವೀಕ್ಷಕರಾಗಬಹುದು ಅಥವಾ ಬಾರದೇ ಇರಬಹುದು ಎಂದು ಹೇಳಿಬಿಡುತ್ತೇವೆ.

ತಂಡಕ್ಕೆ ಆರು ಜನ ಸಾಕು: ಕೊನೆಯ ವರ್ಷದ ಎಂಬಿಬಿಎಸ್ ಇಬ್ಬರು, ನರ್ಸಿಂಗ್ ಮೂರನೇ ವರ್ಷದವರು ಮೂವರು, ಫಾರ್ಮ್-ಡಿ ಒಬ್ಬರು. ಇನ್ನೂ ಆರು ಜನ ವೀಕ್ಷಕರು. ಮೂರು ಕೋರ್ಸಿನ ಟೈಮ್‌ಟೇಬಲ್ ಹೊಂದಿಸುವುದೇ ಇಡೀ ಕೆಲಸದಲ್ಲಿ ಬೇಸರದ ಭಾಗ. ನರ್ಸಿಂಗ್‌ನವರಿಗೆ ಬೆಳಿಗ್ಗೆ ವಾರ್ಡ್ ಪೋಸ್ಟಿಂಗ್ ತಪ್ಪಿಸಲಾಗದು, ಮಧ್ಯಾಹ್ನ ಎರಡರ ಮೇಲೆ ಇಟ್ಟರೆ ಮಾತ್ರ ಎಲ್ಲರೂ ಸಿಗುತ್ತಾರೆ. ಅಭಿನಯ 15 ನಿಮಿಷ, ಅದರ ಮುಂಚೆ 15 ನಿಮಿಷ ಪರಿಚಯ, ಆಮೇಲಿನ ಚರ್ಚೆಗೆ 40 ನಿಮಿಷ. ಸಮಯ ಕಡಿಮೆ ಬಿದ್ದರೆ ಅಭಿನಯದಲ್ಲಿ ಕತ್ತರಿಸಿ, ಚರ್ಚೆಯನ್ನು ಮುಟ್ಟಬೇಡಿ.

ಸಾಮಾನಿನ ವಿಷಯಕ್ಕೆ ಬರೋಣ. ಬೊಂಬೆ ಸಿಪಿಆರ್ ಕಲಿಸುವ ಸಾದಾ ಬೊಂಬೆಯಾದರೂ ನಡೆಯುತ್ತದೆ. ಕಣ್ಣಿನ ಪಾಪೆಗೆ ಕಪ್ಪು ಸ್ಟಿಕ್ಕರ್ ಬಿಂದಿ. ದೇವರಾಜ ಮಾರುಕಟ್ಟೆ ಸುತ್ತಮುತ್ತ ಅತಿ ಚಿಕ್ಕ ಚುಕ್ಕೆಯಿಂದ ಹಿಡಿದು ಎಲ್ಲ ಅಳತೆಯದೂ ಸಿಗುತ್ತದೆ. ಶುರುವಿಗೆ ಅತಿ ಚಿಕ್ಕದು, ಮೂರನೇ ಡೋಸ್ ಆದಮೇಲೆ ದೊಡ್ಡದು. ಕಂಕುಳಲ್ಲಿ ನೀರಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆ ಇಡಿ. ಕೈ ಹಾಕಿ ನೋಡಿದವರಿಗೆ ಮಾತ್ರ ಒದ್ದೆ ತಿಳಿಯುತ್ತದೆ, ನೋಡದೆ ‘ಕಂಕುಳು ಡ್ರೈ’ ಎಂದು ಬರೆದವರು ಸಿಕ್ಕಿಬೀಳುತ್ತಾರೆ. ಬಾಯಲ್ಲಿನ ಜೊಲ್ಲಿಗೆ ತೆಳ್ಳಗಿನ ಸಬ್ಬಕ್ಕಿ ಗಂಜಿ 50–60 ಮಿ.ಲೀ., ಸ್ಪಂಜಿಗೆ ಹೀರಿಸಿ ಗಲ್ಲದೊಳಗೆ ಇಟ್ಟರೆ ಸಕ್ಷನ್ ಹಾಕಿದಾಗ ನಿಜದಂತೆಯೇ ಬರುತ್ತದೆ. ಆದರೆ ಎಲೆಕ್ಟ್ರಾನಿಕ್ ಬೊಂಬೆಯ ಶ್ವಾಸನಾಳಕ್ಕೆ ಇದನ್ನು ಬಿಡಬಾರದು, ಮತ್ತು ಸಕ್ಷನ್ ಟ್ಯೂಬನ್ನು ಅಂದೇ ತೊಳೆಯದಿದ್ದರೆ ಮರುದಿನ ಇರುವೆ ಸಾಲು, ವಾರಕ್ಕೆ ಬೂಷ್ಟು. ಎದೆಯ ಸದ್ದಿಗೆ ಸ್ಪೀಕರ್ ಹುದುಗಿಸುವ ಕಷ್ಟ ಬೇಡ. ‘ಎರಡೂ ಕಡೆ ಗೊರಗೊರ’ ಎಂದು ಬರೆದ ಕಾರ್ಡನ್ನು ಸ್ಟೆತಸ್ಕೋಪ್ ನಿಜಕ್ಕೂ ಎದೆಗೆ ಇಟ್ಟವರಿಗೆ ಮಾತ್ರ ತೋರಿಸಿ. ಮಾನಿಟರ್‌ಗೆ ಟ್ಯಾಬ್ಲೆಟ್‌ನ ಆ್ಯಪ್ ಸಾಕು. ಕ್ಯಾನುಲಾಗೆ ತ್ರೀ-ವೇ ಜೋಡಿಸಿ, ಟ್ಯೂಬಿನ ತುದಿಯನ್ನು ಮಂಚದ ಕೆಳಗಿನ ಖಾಲಿ ಬಾಟಲಿಗೆ ಬಿಡಿ. ಕೊನೆಗೆ ಆ ಬಾಟಲಿಯ ನೀರನ್ನು ಅಳೆದರೆ ಬರೆದ ಲೆಕ್ಕಕ್ಕೂ ಕೊಟ್ಟ ಲೆಕ್ಕಕ್ಕೂ ತಾಳೆ ನೋಡಬಹುದು. ಟ್ಯೂಬನ್ನು ಮೊದಲೇ ನೀರಿನಿಂದ ತುಂಬಿಸಿಟ್ಟಿರಬೇಕು, ಡ್ರಿಪ್ ಮುಚ್ಚಿರಬೇಕು. ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ.

ಆಂಪ್ಯೂಲ್‌ಗೆ ಇಂಜೆಕ್ಷನ್ ನೀರಿನ ಗಾಜಿನ ಆಂಪ್ಯೂಲ್ ಬಳಸಿ, ಪ್ಲಾಸ್ಟಿಕ್ ಬೇಡ, ಒಡೆಯುವ ಹೊತ್ತೇ ಇಲ್ಲಿ ಪಾಠ. 2 ಅಥವಾ 5 ಮಿ.ಲೀ.ನದಾದರೂ ಸರಿ, ‘ಪ್ರತಿಯೊಂದರಿಂದ 1 ಮಿ.ಲೀ. ಮಾತ್ರ ಎಳೆಯಿರಿ’ ಎಂಬ ನಿಯಮ ಮೊದಲೇ ಹೇಳಿ. ಮೇಲೆ ‘ಅಟ್ರೋಪಿನ್ 0.6 ಮಿ.ಗ್ರಾಂ/1 ಮಿ.ಲೀ.’ ಚೀಟಿ, ಅದರ ಪಕ್ಕ ಕೆಂಪಕ್ಷರದಲ್ಲಿ ‘ತರಬೇತಿಗೆ ಮಾತ್ರ’. ಒಂದು ತಂಡಕ್ಕೆ 30. ಅವಧಿ ಮೀರಿದ ನಿಜವಾದ ಔಷಧಿಯನ್ನು ಸ್ಟೋರಿನಿಂದ ತಂದು ಬಳಸುವ ಚಾಳಿ ಹಲವು ಕಡೆ ಇದೆ. ದಯವಿಟ್ಟು ಬೇಡ. ತರಬೇತಿಯ ಸಾಮಾನು ವಾರ್ಡಿಗೆ ನುಸುಳುವುದು ಕಲ್ಪನೆಯ ಅಪಾಯವಲ್ಲ. 2014ರ ಕೊನೆಯಲ್ಲಿ ಅಮೆರಿಕದಲ್ಲಿ ತರಬೇತಿಗೆಂದೇ ತಯಾರಿಸಿದ, ಕ್ರಿಮಿಶುದ್ಧವಲ್ಲದ ಸಲೈನ್ ಚೀಲಗಳು ಕ್ಲಿನಿಕ್‌ಗಳಿಗೆ ಹೋಗಿ ನಿಜವಾದ ರೋಗಿಗಳ ರಕ್ತನಾಳ ಸೇರಿದವು. ಹಲವರಿಗೆ ಚಳಿಜ್ವರ ಬಂತು, ಕೆಲವರು ಆಸ್ಪತ್ರೆ ಸೇರಬೇಕಾಯಿತು. ಬೀಗವಿರುವ ಡಬ್ಬಿ, ಒಳಗೆ ಹೋದದ್ದು ಎಷ್ಟು, ಹೊರಬಂದದ್ದು ಎಷ್ಟು ಎಂಬ ಪುಸ್ತಕ, ಇವೆರಡು ಇಲ್ಲದೆ ಶುರು ಮಾಡಬಾರದು. ಒಡೆದ ಗಾಜು ನೀಲಿ ಡಬ್ಬಿಗೆ, ಸೂಜಿ ಬಿಳಿ ಡಬ್ಬಿಗೆ, ವಾರ್ಡಿನಲ್ಲಿ ಮಾಡುವಂತೆಯೇ. ಆಂಪ್ಯೂಲ್ ಕತ್ತು ಮುರಿಯುವಾಗ ಗಾಜ್ ಬಟ್ಟೆ ಸುತ್ತದಿದ್ದರೆ ಬೆರಳು ಕೊಯ್ಯುತ್ತದೆ, ಅದಂತೂ ನಿಜವಾದ ರಕ್ತ.

ಈಗ ಬಲೆಗಳು, ಅಂದರೆ ತಂಡ ಎಡವಲೆಂದು ನಾವೇ ಕೇಸಿನೊಳಗೆ ಇಡುವ ತೊಡಕುಗಳು. ಒಂದು ಕೇಸಿಗೆ ಮೂರಕ್ಕಿಂತ ಹೆಚ್ಚು ಇಟ್ಟರೆ ಚರ್ಚೆಯಲ್ಲಿ ಯಾವುದೂ ಆಳಕ್ಕೆ ಇಳಿಯುವುದಿಲ್ಲ.

ಮೊದಲನೆಯದು ಟ್ರೇಯೊಳಗೆ. ಅಟ್ರೋಪಿನ್ ಸಾಲಿನ ನಡುವೆ ಅದೇ ಅಳತೆಯ, ಅದೇ ಬಣ್ಣದ ಚೀಟಿಯ ಅಡ್ರಿನಲಿನ್ 1 ಮಿ.ಗ್ರಾಂ ಎರಡು. ಎರಡೂ ‘ಅ’ದಿಂದ ಶುರು, ಎರಡೂ 1 ಮಿ.ಲೀ. ಅವಸರದಲ್ಲಿ ಎರಡನೇ ಡೋಸಿನ ಹೊತ್ತಿಗೆ ಒಂದು ಕೈಗೆ ಬಂದೇ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕೈಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು. ಆಂಪ್ಯೂಲ್ ಹಿಡಿದ ನರ್ಸಿಂಗ್ ವಿದ್ಯಾರ್ಥಿನಿಗೆ ಅನುಮಾನ ಬರುತ್ತದೆ. ಆಕೆ ಮೆಲ್ಲಗೆ “ಸಾರ್, ಇದೇನಾ ಹಾಕೋದು?” ಅನ್ನುತ್ತಾಳೆ. ಎಂಬಿಬಿಎಸ್ ಹುಡುಗ ಮಾನಿಟರ್ ನೋಡುತ್ತಲೇ “ಹೂಂ ಸಿಸ್ಟರ್, ಬೇಗ ಹಾಕಿ” ಅನ್ನುತ್ತಾನೆ. ಆಕೆ ಕೇಳಿದ್ದು ಪ್ರಶ್ನೆ, ಹೇಳಬೇಕಾಗಿದ್ದದ್ದು ಎಚ್ಚರಿಕೆ. ಆತ ಕೇಳಿಸಿಕೊಂಡದ್ದು ಮಾತು, ವಿಷಯವಲ್ಲ. ಈ ಒಂದು ನಿಮಿಷಕ್ಕಾಗಿಯೇ ಇಡೀ ಕೇಸ್ ಇದೆ ಎಂದರೂ ತಪ್ಪಿಲ್ಲ. ಪರಿಚಯದ ಹೊತ್ತಿನಲ್ಲೇ ನಾವು ಮೂರು ಮೆಟ್ಟಿಲಿನ ಮಾತನ್ನು ಎಲ್ಲರ ಬಾಯಿಂದ ಜೋರಾಗಿ ಆಡಿಸುತ್ತೇವೆ: “ಸಾರ್, ನನಗೆ ಅನುಮಾನ ಇದೆ.” “ಸಾರ್, ಇದು ಸರಿ ಇಲ್ಲ, ಚೀಟಿ ಅಡ್ರಿನಲಿನ್ ಅಂತಿದೆ.” “ಸಾರ್, ನಿಲ್ಲಿಸಿ. ನಾನು ಇದನ್ನು ಕೊಡಲ್ಲ.” ‘ಸಾರ್’ ಬಿಡಿಸುವ ಪ್ರಯತ್ನ ಮಾಡಬೇಡಿ. ಹೆಸರು ಹಿಡಿದು ಕರೆಯಿರಿ ಎಂದರೆ ನಮ್ಮ ಮಕ್ಕಳು ಬಾಯಿ ಮುಚ್ಚುತ್ತಾರೆ. ಗೌರವ ಇಟ್ಟುಕೊಂಡೇ ಗಟ್ಟಿಯಾಗಿ ಹೇಳುವುದು ಸಾಧ್ಯ, ನಮ್ಮ ಮನೆಗಳಲ್ಲಿ ಅಜ್ಜಿಯರು ಅದನ್ನೇ ಮಾಡುವುದು.

ಅಡ್ರಿನಲಿನ್ ಒಳಗೆ ಹೋಗಿಯೇಬಿಟ್ಟರೆ? ನಾಡಿ 170ಕ್ಕೆ, ಬಿಪಿ 220ಕ್ಕೆ ಏರಿಸಿ ಎರಡು ನಿಮಿಷದಲ್ಲಿ ಇಳಿಸುತ್ತೇವೆ. ಬೊಂಬೆಯನ್ನು ಸಾಯಿಸುವುದಿಲ್ಲ. ಸಾಯಿಸಿದರೆ ವಿದ್ಯಾರ್ಥಿಗೆ ಆಮೇಲೆ ಯಾವ ಮಾತೂ ಕಿವಿಗೆ ಹೋಗುವುದಿಲ್ಲ. ಈ ವಿಷಯದಲ್ಲಿ ಬೇರೆ ಅಭಿಪ್ರಾಯದವರೂ ಇದ್ದಾರೆ, ನಮ್ಮದು ಇದು.

ಎರಡನೇ ಬಲೆ ಲೆಕ್ಕದ್ದು. ಟ್ರಾಲಿಯಲ್ಲಿ 10 ಮಿ.ಲೀ.ಗಿಂತ ದೊಡ್ಡ ಸಿರಿಂಜ್ ಇಡುವುದಿಲ್ಲ. ಮೂರನೇ ಡೋಸ್ 12 ಮಿ.ಲೀ. ಸಿರಿಂಜ್ ತುಂಬಿತು ಎಂದು 10ಕ್ಕೇ ನಿಲ್ಲಿಸಿ, ಕೊಟ್ಟು, ಕೇಸ್ ಶೀಟಿನಲ್ಲಿ 7.2 ಎಂದು ಬರೆಯುತ್ತಾರೆ. ನಿಜಕ್ಕೂ ಹೋದದ್ದು 6 ಮಿ.ಗ್ರಾಂ. ಇನ್ನೊಂದು ಎಡವಟ್ಟು ‘ಡಬಲ್’ ಎಂಬ ಮಾತಿನಲ್ಲಿ. “ಇನ್ನೊಂದ್ ಡಬಲ್ ಕೊಡಿ” ಎಂದಾಗ ಒಬ್ಬರು ಮೊದಲ ಡೋಸಿನ ದುಪ್ಪಟ್ಟು ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಈಗಿನದರ ದುಪ್ಪಟ್ಟು ಎಂದು, ಮತ್ತೊಬ್ಬರು ಎರಡು ಆಂಪ್ಯೂಲ್ ಎಂದು. ಮದ್ದು ಸರಳ: ಆರ್ಡರ್ ಹೇಳುವಾಗ ಔಷಧಿಯ ಹೆಸರು, ಮಿ.ಗ್ರಾಂ, ಆಂಪ್ಯೂಲ್ ಸಂಖ್ಯೆ, ದಾರಿ ನಾಲ್ಕೂ ಇರಬೇಕು. ಕೇಳಿದವರು ಅದನ್ನೇ ಮರುನುಡಿಯಬೇಕು. “ಅಟ್ರೋಪಿನ್ 3.6 ಮಿ.ಗ್ರಾಂ, ಆರು ಆಂಪ್ಯೂಲ್, ಐವಿ.” “ಅಟ್ರೋಪಿನ್ 3.6, ಆರು ಆಂಪ್ಯೂಲ್, ಐವಿ, ಎಳೀತಿದ್ದೀನಿ.” ಕೊಟ್ಟ ಮೇಲೆ “ಹೋಯ್ತು, ಟೈಮ್ ಎರಡು ಹನ್ನೆರಡು.” ಕೇರಳದಿಂದ ಬಂದ ನರ್ಸಿಂಗ್‌ನವರು, ಉತ್ತರದಿಂದ ಬಂದ ಎಂಬಿಬಿಎಸ್‌ನವರು ಇರುವ ತಂಡದಲ್ಲಿ ಅಂಕಿಗಳನ್ನು ಇಂಗ್ಲಿಷಿನಲ್ಲೇ ಹೇಳಲಿ, ಭಾಷೆಗಿಂತ ಮರುನುಡಿ ಮುಖ್ಯ. ಒಡೆದ ಆಂಪ್ಯೂಲ್‌ಗಳು ಎಣಿಕೆಯಾಗುವವರೆಗೆ ಕಿಡ್ನಿ ಟ್ರೇಯಲ್ಲೇ ಇರಬೇಕು, ಡಬ್ಬಿಗೆ ಎಸೆದರೆ ಲೆಕ್ಕಕ್ಕೆ ಆಧಾರವೇ ಇಲ್ಲ. ಬೋರ್ಡಿನ ಮೇಲೆ ಸಮಯ, ಡೋಸ್, ಒಟ್ಟು ಎಂದು ಮೂರು ಕಾಲಂ. ಇದು ಫಾರ್ಮ್-ಡಿಯವರ ಕೆಲಸ, ಹಾಗಂತ ಯಾರೋ ಹಂಚಿಕೊಟ್ಟರೆ ಮಾತ್ರ. ಮೂರು ಡೋಸ್ ಮುಗಿದಾಗ ಒಟ್ಟು 12.6 ಮಿ.ಗ್ರಾಂ. ಆಮೇಲಿನ ಡ್ರಿಪ್ ಗಂಟೆಗೆ ಅದರ ಶೇ. 10–20, ಅಂದರೆ 1.26ರಿಂದ 2.52 ಮಿ.ಗ್ರಾಂ. ಬೋರ್ಡಿನ ಒಟ್ಟು ತಪ್ಪಿದ್ದರೆ ಡ್ರಿಪ್ಪೂ ತಪ್ಪು.

ಮಾನಿಟರ್ ನಡೆಸುವವರಿಗೆ ಅಂಕಿಗಳು: ಶುರುವಿನಲ್ಲಿ ನಾಡಿ 52, ಬಿಪಿ 74/50, ಆಮ್ಲಜನಕ 84. ಮೊದಲ ಡೋಸಿಗೆ 68, 78/50, 88. ಎರಡನೆಯದಕ್ಕೆ 104, 96/60, 91, ಆದರೆ ಎದೆ ಇನ್ನೂ ಗೊರಗೊರ. ಮೂರಕ್ಕೆ 118, 110/70, 95, ಎದೆ ತಿಳಿ. ಎರಡನೇ ಹಂತದಲ್ಲಿ ನಾಡಿ ನೋಡಿ ‘ಸಾಕು’ ಎನ್ನುವವರು ಬಹಳ. ಅಟ್ರೋಪಿನ್ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮುಖ್ಯವಾಗಿ ಎದೆಯ ತೇವ. ಕಾರ್ಡಿನಲ್ಲಿ ಬರೆದದ್ದನ್ನು ಓದಿ ಹೇಳುವ ಧೈರ್ಯ ತಂಡದಲ್ಲಿ ಯಾರಿಗಿದೆ ಎಂದು ಇಲ್ಲಿ ಗೊತ್ತಾಗುತ್ತದೆ.

ಮೂರನೇ ಬಲೆ ಬಾಗಿಲ ಬಳಿ ನಿಂತಿರುತ್ತದೆ: ಹೆಂಡತಿ ಮತ್ತು ತಮ್ಮ. ಮೈಸೂರಿನಲ್ಲಿ ಹವ್ಯಾಸಿ ರಂಗಭೂಮಿಯವರಿಗೆ ಬರವಿಲ್ಲ, ಆದರೆ ನಟರಿಗೆ ಕಡಿವಾಣ ಹಾಕದಿದ್ದರೆ ಕೋಣೆ ನಾಟಕವಾಗುತ್ತದೆ. ಅಳುವಿಗೆ ಮೂರು ಮಟ್ಟ ನಿಗದಿ ಮಾಡಿ. ಮೊದಲಿಗೆ ಬಿಕ್ಕಳಿಕೆ, ಮೂರು ನಿಮಿಷ ಯಾರೂ ಮಾತಾಡಿಸದಿದ್ದರೆ “ಯೋಳಿ ಸಾಮಿ, ನಮ್ಮೆಜಮಾನ್ರಿಗೆ ಏನಾಯ್ತು?” ಎಂದು ಟ್ರಾಲಿಯವರೆಗೆ ಬರುವುದು, ಆರು ನಿಮಿಷವಾದರೂ ಕೇಳದಿದ್ದರೆ ತಮ್ಮ ಜೋರು ಮಾಡುವುದು. ಯಾರಾದರೂ “ಅಮ್ಮಾ, ಬನ್ನಿ ಇಲ್ಲಿ ಕೂತ್ಕೊಳಿ, ಮದ್ದು ಕೊಡ್ತಿದೀವಿ” ಎಂದರೆ ತಕ್ಷಣ ಇಳಿಯಬೇಕು. ಬಾಟಲಿ ತಮ್ಮನ ಚೀಲದಲ್ಲಿದೆ, ಕೇಳಿದರೆ ಮಾತ್ರ ತೆಗೆದು ಕೊಡುತ್ತಾನೆ. ಮುದ್ರಿಸಿದ ಚೀಟಿ ಅಂಟಿಸಿದ ಹೊಸ ಬಾಟಲಿ ಸಾಕು, ನಿಜವಾದ ಕೀಟನಾಶಕದ ಖಾಲಿ ಬಾಟಲಿಯನ್ನೂ ಒಳಗೆ ತರಬಾರದು. ರೋಗಿಯ ಬಟ್ಟೆ ತೆಗೆಸಿ, ಚೀಲಕ್ಕೆ ಹಾಕಿ, ಮೈ ತೊಳೆಸುವುದು, ತಾವು ಗ್ಲೌಸ್ ಮತ್ತು ಗೌನ್ ಹಾಕಿಕೊಳ್ಳುವುದು ಕೂಡ ಸುರಕ್ಷತೆಯೇ. ಅಟ್ರೋಪಿನ್‌ಗೆ ಮೊದಲು ಓಡುವ ತಂಡ ಇದನ್ನು ಮರೆಯುತ್ತದೆ.

ನಿಜವಾಗಿ ಯಾರಿಗಾದರೂ ಗಾಯವಾದರೆ, ತಲೆಸುತ್ತಿ ಬಂದರೆ ಕೂಗಲು ಒಂದು ಮಾತು ಗೊತ್ತು ಮಾಡಿಡಿ. ನಮ್ಮದು ‘ನಿಜ, ನಿಜ’. ಕೂಗಿದ ಕ್ಷಣ ಎಲ್ಲ ನಿಲ್ಲಬೇಕು.

ವೀಕ್ಷಕರಿಗೆ ಉದ್ದನೆಯ ಚೆಕ್‌ಲಿಸ್ಟ್ ಕೊಡಬೇಡಿ. ಒಬ್ಬರಿಗೆ ಒಂದೇ ಕೆಲಸ. ಒಬ್ಬರು ಪ್ರತಿ ಆರ್ಡರಿಗೆ ಒಂದು ಗೆರೆ ಎಳೆದು, ಮರುನುಡಿ ಬಂದರೆ ಅದಕ್ಕೆ ಅಡ್ಡಗೆರೆ ಹಾಕುತ್ತಾರೆ. ಇನ್ನೊಬ್ಬರು ಆರು ಜನರ ಹೆಸರು ಬರೆದು ಯಾರು ಎಷ್ಟು ಸಲ ಮಾತಾಡಿದರೆಂದು ಚುಕ್ಕೆ ಇಡುತ್ತಾರೆ. ಮತ್ತೊಬ್ಬರು ಗಡಿಯಾರ ಹಿಡಿದು ಡೋಸ್ ಹೋದ ಹೊತ್ತು ಬರೆಯುತ್ತಾರೆ. ಚರ್ಚೆಯಲ್ಲಿ ಆ ಹಾಳೆಗಳನ್ನು ಮೇಜಿನ ಮೇಲಿಟ್ಟರೆ ನಾವು ಉಪದೇಶ ಮಾಡುವ ಪ್ರಮೇಯವೇ ಬರುವುದಿಲ್ಲ. ಅಂಕ ಮಾತ್ರ ಬೇಡ. ಇಂಟರ್ನಲ್ ಮಾರ್ಕ್ಸ್ ಇದೆ ಎಂದು ಗೊತ್ತಾದರೆ ತಪ್ಪು ಕಂಡವರೂ ಗೆಳೆಯನನ್ನು ಉಳಿಸಲು ಸುಮ್ಮನಾಗುತ್ತಾರೆ. ವಿಡಿಯೊ ತೆಗೆದರೆ ಅಂದೇ ಎಲ್ಲರೆದುರು ಅಳಿಸಿಬಿಡಿ.

ಚರ್ಚೆಗೆ ಕುರ್ಚಿ ಹಾಕುವುದರಲ್ಲೇ ಅರ್ಧ ಕೆಲಸವಿದೆ. ಬಿಟ್ಟರೆ ನರ್ಸಿಂಗ್‌ನವರು ಹಿಂದಿನ ಸಾಲಿಗೆ ಹೋಗುತ್ತಾರೆ. ದುಂಡಗೆ ಹಾಕಿ, ಒಬ್ಬರ ಪಕ್ಕ ಬೇರೆ ಕೋರ್ಸಿನವರು ಕೂರುವಂತೆ ಮಾಡಿ, ಮೊದಲ ಮಾತು ನರ್ಸಿಂಗ್ ಅಥವಾ ಫಾರ್ಮಸಿಯವರಿಂದ ಬರಲಿ. ಎಂಬಿಬಿಎಸ್‌ನವರು ಮೊದಲು ಮಾತಾಡಿದರೆ ಉಳಿದವರು ಅದಕ್ಕೆ ತಲೆಯಾಡಿಸುತ್ತಾರೆ. ನಡೆಸುವವರು ಇಬ್ಬರು, ಒಬ್ಬರು ವೈದ್ಯರು, ಒಬ್ಬರು ನರ್ಸಿಂಗ್ ಅಧ್ಯಾಪಕರು. ಒಂದು ಸಲ ಇವರು ಮುಂದೆ, ಇನ್ನೊಂದು ಸಲ ಅವರು. ಎಲ್ಲರೆದುರು ವೈದ್ಯರು ನರ್ಸಿಂಗ್ ಮೇಡಂನ ಮಾತು ಕತ್ತರಿಸಿದರೆ ಆ ದಿನದ ಪಾಠ ಅಲ್ಲೇ ಹಾಳು, ಮಕ್ಕಳು ಕಲಿಯುವುದು ಅದನ್ನೇ.

ಶುರುವಿಗೆ ಎರಡು ಮೂರು ನಿಮಿಷ ಎದೆಯಲ್ಲಿದ್ದದ್ದು ಹೊರಬರಲಿ. ಆಮೇಲೆ ಏನೇನು ನಡೆಯಿತು ಎಂಬ ಕ್ರಮ. ಆಮೇಲೆ ಒಂದೋ ಎರಡೋ ಘಳಿಗೆ ಹಿಡಿದು ಬಗೆಯುವುದು. “ಯಾಕೆ ಹೀಗೆ ಮಾಡಿದೆ?” ಎಂದು ಕೇಳಿದರೆ ನಮ್ಮಲ್ಲಿ ಅದು ಗದರಿಕೆಯೇ, ಉತ್ತರವಾಗಿ “ಸಾರಿ ಮೇಡಂ” ಬರುತ್ತದೆ, ವಿಷಯ ಮುಚ್ಚಿಹೋಗುತ್ತದೆ. ಕಂಡದ್ದನ್ನು ಹೇಳಿ, ಅನಿಸಿದ್ದನ್ನು ಹೇಳಿ, ಆಮೇಲೆ ಕೇಳಬೇಕು: “ನೀನು ಆಂಪ್ಯೂಲ್ ಎರಡು ಸಲ ತಿರುಗಿಸಿ ನೋಡಿದ್ದು ಕಂಡೆ. ನಿನಗೆ ಅನುಮಾನ ಬಂದಿತ್ತು ಅಂದುಕೊಂಡೆ. ಆಗ ತಲೆಯಲ್ಲಿ ಏನು ಓಡ್ತಿತ್ತು?” ಇದಕ್ಕೆ ಬರುವ ಉತ್ತರ ಹೆಚ್ಚಾಗಿ ಒಂದೇ ಜಾಡಿನದು, ಅವರಿಗೆ ನನಗಿಂತ ಗೊತ್ತಿರುತ್ತೆ ಅಂದುಕೊಂಡೆ ಎಂದು. ಆಗ ಎದುರಿನ ಹುಡುಗನಿಗೆ ಕೇಳಿ: “ಅವಳು ಕೇಳಿದ್ದು ನಿನಗೆ ಹೇಗೆ ಕೇಳಿಸಿತು?” ಎರಡು ಉತ್ತರ ಎದುರುಬದುರು ಬಂದ ಮೇಲೆ ನಾವು ಬಾಯಿ ಮುಚ್ಚಿಕೊಂಡಿರಬೇಕು. ಅಧ್ಯಾಪಕರಿಗೆ ಇದೇ ಕಷ್ಟ.

ಬೊಂಬೆಯೇ ಇಲ್ಲದವರಿಗೆ ಇದಕ್ಕಿಂತ ಅಗ್ಗದ ಕೇಸ್ ರಕ್ತ ಹಾಕುವುದು. ಖಾಲಿ ಚೀಲಕ್ಕೆ ಕೆಂಪು ನೀರು, ಎರಡು ಮಂಚ, ಎರಡು ಕೇಸ್ ಶೀಟ್. ಒಂದರಲ್ಲಿ ಜಯಮ್ಮ ಕೋಂ ರಾಮೇಗೌಡ, ಓ ಪಾಸಿಟಿವ್. ಇನ್ನೊಂದರಲ್ಲಿ ಜಯಮ್ಮ ಕೋಂ ರಾಜೇಗೌಡ, ಬಿ ಪಾಸಿಟಿವ್. ಮಂಡ್ಯ ಕಡೆಯ ಹೆಂಗಸರ ವಾರ್ಡಿನಲ್ಲಿ ಇದು ಉತ್ಪ್ರೇಕ್ಷೆಯಲ್ಲ. ಮಂಚದ ಮೇಲಿನ ಅಜ್ಜಿ ಪಾತ್ರಧಾರಿಗೆ ಒಂದೇ ಸೂಚನೆ: ಯಾವ ಹೆಸರು ಹಿಡಿದು “ನೀವು ಇವರಾ?” ಎಂದು ಕೇಳಿದರೂ “ಹೂಂ ಕಣವ್ವ” ಅನ್ನಬೇಕು. “ನಿಮ್ಮ ಹೆಸರೇನವ್ವ? ಯಜಮಾನರ ಹೆಸರು?” ಎಂದು ಕೇಳಿದವರಿಗೆ ಮಾತ್ರ ಸರಿಯಾದ ಉತ್ತರ. ಗಂಡನ ಹೆಸರು ಹೇಳಲು ಹಿಂಜರಿಯುವ ಹಿರಿಯರೂ ಇರುತ್ತಾರೆ, ಆದ್ದರಿಂದ ಹೆಸರಿನ ಜೊತೆ ಕೈಪಟ್ಟಿಯ ಐಪಿ (ಒಳರೋಗಿ) ನಂಬರನ್ನು ಚೀಲದ ಚೀಟಿಯೊಂದಿಗೆ ತಾಳೆ ನೋಡಲೇಬೇಕು. ಇಬ್ಬರು ನೋಡಬೇಕೆಂಬ ನಿಯಮ ಕೆಡುವುದು ಹೀಗೆ: ಒಬ್ಬರು ಓದುತ್ತಾರೆ, ಇನ್ನೊಬ್ಬರು “ಸರಿ, ಸರಿ” ಅನ್ನುತ್ತಾರೆ. ಒಬ್ಬರು ಚೀಲದಿಂದ ಓದಿದರೆ ಇನ್ನೊಬ್ಬರು ಕೈಪಟ್ಟಿಯಿಂದ ಓದಬೇಕು, ಅದೂ ಮಂಚದ ಪಕ್ಕದಲ್ಲೇ ನಿಂತು, ನರ್ಸಿಂಗ್ ಸ್ಟೇಷನ್ನಿನಲ್ಲಿ ಅಲ್ಲ. ರಕ್ತ ಶುರುವಾದ ಮೊದಲ 15 ನಿಮಿಷ ಒಬ್ಬರು ಪಕ್ಕದಲ್ಲಿರಬೇಕು ಎಂಬುದನ್ನು ಪರೀಕ್ಷಿಸಲು, ಐದನೇ ನಿಮಿಷಕ್ಕೆ ಪಾತ್ರಧಾರಿ ಸೊಂಟ ನೋವು, ಚಳಿ ಎನ್ನುತ್ತಾರೆ. ಅಷ್ಟೊತ್ತಿಗೆ ಬಹುಪಾಲು ತಂಡ ಇನ್ನೊಂದು ಮಂಚದ ಬಳಿ ಹೋಗಿರುತ್ತದೆ.

ಕೈ ಪಳಗಿದ ಮೇಲೆ ಅಟ್ರೋಪಿನ್ ಕೇಸನ್ನು ನಿಜವಾದ ಕ್ಯಾಶುವಾಲಿಟಿಯ ಖಾಲಿ ಮಂಚದಲ್ಲೇ ನಡೆಸಬಹುದು. ಡ್ಯೂಟಿ ಡಾಕ್ಟರ್ ಮತ್ತು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಇಬ್ಬರ ಒಪ್ಪಿಗೆ ಬೇಕು, ಮಂಚ ಬೇಕಾದರೆ ಎರಡು ನಿಮಿಷದಲ್ಲಿ ಬಿಟ್ಟುಕೊಡುವ ಕರಾರು ಬೇಕು. ಅಲ್ಲಿ ಸಿಗುವ ದೋಷಗಳು ವಿದ್ಯಾರ್ಥಿಗಳದ್ದಲ್ಲ: ಆಕ್ಸಿಜನ್ ಸಿಲಿಂಡರಿನ ಕೀ ಎಲ್ಲಿದೆಯೋ ಗೊತ್ತಿಲ್ಲ, ಸಕ್ಷನ್ ಜಾಡಿಯ ಮುಚ್ಚಳ ಸೋರುತ್ತದೆ, ಅಟ್ರೋಪಿನ್ ಮತ್ತು ಅಡ್ರಿನಲಿನ್ ಒಂದೇ ಡ್ರಾಯರಿನ ಅಕ್ಕಪಕ್ಕದ ಗೂಡಿನಲ್ಲಿವೆ. ಇವನ್ನು ಅಂದೇ ಬರೆದು, ಯಾರ ಹೆಸರೂ ಹಾಕದೆ, ಇನ್‌ಚಾರ್ಜ್ ಕೈಗೆ ಕೊಡಿ. ತರಬೇತಿಯ ಆಂಪ್ಯೂಲ್‌ಗಳನ್ನು ವಾರ್ಡಿಗೆ ಒಯ್ದ ದಿನ ಡಬ್ಬಿಯ ಎಣಿಕೆಯನ್ನು ಇಬ್ಬರು ಮಾಡಿ ಪುಸ್ತಕಕ್ಕೆ ಸಹಿ ಹಾಕುವವರೆಗೆ ಯಾರೂ ಅಲ್ಲಿಂದ ಹೊರಡುವಂತಿಲ್ಲ.